ಅವಮೌದರ್ಯ: ನಾವು ಮರೆತಿರುವ ತಪಸ್ಸು



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ಸಮೀಪಿಸಿತೆಂದರೆ ಬೀದರ ನಗರದಲ್ಲಿಯೂ ಭಾಲ್ಕಿ, ಔರಾದಗಳಲ್ಲಿಯೂ ಶ್ರಾವಕರ ಮನೆಗಳಲ್ಲಿ ಉಪವಾಸದ ಮಾತು ಮೊದಲಾಗುತ್ತದೆ. ಏಕಭುಕ್ತ ಮಾಡುವವರಾರು, ಚತುರ್ದಶಿಯಂದು ನಿರಾಹಾರರಾಗಿರುವವರಾರು, ಹತ್ತು ದಿನಗಳನ್ನೂ ನಡೆಸುವವರಾರು ಎಂದು ಮನೆಮನೆಯಲ್ಲಿ ವಿಚಾರಿಸುತ್ತಾರೆ. ಇದು ಹಿಂದಿನಿಂದ ಬಂದ ವಾಡಿಕೆ. ಸಂತೋಷದ ವಿಷಯವೇ ಸರಿ. ಆದರೆ ಈಚಿನ ವರ್ಷಗಳಲ್ಲಿ ಈ ಮಾತಿನ ಜೊತೆಗೆ ಇನ್ನೊಂದು ಮಾತು ಬಂದು ಸೇರಿಕೊಂಡಿದೆ. "ಹತ್ತು ದಿನ ಉಪವಾಸ ಮಾಡಿದರೆ ನಾಲ್ಕೈದು ಕಿಲೋ ಇಳಿಯುತ್ತದೆ, ಪುಣ್ಯವೂ ಬಂದಂತಾಯಿತು, ಮೈಯೂ ಹಗುರವಾದಂತಾಯಿತು" ಎಂದು ಕಾಲೇಜಿಗೆ ಹೋಗುವ ಮಕ್ಕಳು ನಗುನಗುತ್ತ ಹೇಳುತ್ತಾರೆ. ಅವರ ತಾಯಂದಿರು ಕಳವಳದಿಂದ ಕೇಳುವ ಪ್ರಶ್ನೆಗಳು ಎರಡು. ತೂಕ ಇಳಿಸುವುದಕ್ಕಾಗಿ ಮಾಡಿದ ಉಪವಾಸವು ವ್ರತವಾಗುವುದೇ? ಹಾಗೆ ಮಾಡುವುದರಿಂದ ದೇಹಕ್ಕೆ ಕೇಡಾದರೆ ಅದರ ಹೊಣೆ ಯಾರದು?

ಈ ಎರಡು ಪ್ರಶ್ನೆಗಳನ್ನು ಹಗುರವಾಗಿ ಎಣಿಸಬಾರದು. ಒಂದರಲ್ಲಿ ಆತ್ಮದ ಹಿತವೂ ಇನ್ನೊಂದರಲ್ಲಿ ಪ್ರಾಣದ ಹಿತವೂ ಅಡಗಿವೆ. ಶಾಸ್ತ್ರವನ್ನೂ ವೈದ್ಯವನ್ನೂ ಎದುರೆದುರಿಗೆ ಇಟ್ಟುಕೊಂಡು ಇವುಗಳನ್ನು ವಿಚಾರ ಮಾಡೋಣ.

ತಪಸ್ಸೆಂದರೆ ಬರಿಯ ನಿರಾಹಾರವಲ್ಲ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯ ತಪಸ್ಸನ್ನು ಆರು ಬಗೆಯಾಗಿ ಎಣಿಸಿದ್ದಾರೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬಿವೇ ಆ ಆರು. ಇವುಗಳಲ್ಲಿ ಮೊದಲಿನ ನಾಲ್ಕು ಆಹಾರಕ್ಕೆ ಸಂಬಂಧಪಟ್ಟವು. ಆ ನಾಲ್ಕರಲ್ಲಿಯೂ ಆಹಾರವನ್ನು ಪೂರ್ತಿಯಾಗಿ ಬಿಡಲು ಹೇಳುವುದು ಅನಶನ ಒಂದೇ. ಉಳಿದ ಮೂರೂ ಉಣ್ಣುವ ಕ್ರಮವನ್ನು ಕಲಿಸತಕ್ಕವು. ಹಸಿವಿಗಿಂತ ಕಡಮೆ ಉಣ್ಣುವುದು ಅವಮೌದರ್ಯ. ಇದನ್ನೇ ಊನೋದರವೆಂದೂ ಕರೆಯುವರು. ಇಂತಿಷ್ಟೇ ಪದಾರ್ಥ, ಇಂತಲ್ಲಿಯೇ ದೊರೆತರೆ ಉಣ್ಣುವೆನೆಂದು ಮುಂಚೆಯೇ ಎಲ್ಲೆ ಹಾಕಿಕೊಳ್ಳುವುದು ವೃತ್ತಿಪರಿಸಂಖ್ಯಾನ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಎಂಬ ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ರಸಪರಿತ್ಯಾಗ.

ನಮ್ಮ ಜನರು ಈ ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ ತಪಸ್ಸೆಂದು ಗೌರವಿಸಿ, ಮಿಕ್ಕ ಮೂರನ್ನು ಮುನಿಗಳ ಪಾಲಿಗೆ ಬಿಟ್ಟಿದ್ದಾರೆ. ಹತ್ತು ಉಪವಾಸ ಮಾಡಿದವರಿಗೆ ಹಾರ, ಮೆರವಣಿಗೆ, ಸನ್ಮಾನಗಳುಂಟು. ವರ್ಷವಿಡೀ ಪ್ರತಿ ಊಟದಲ್ಲಿ ನಾಲ್ಕು ತುತ್ತು ಕಡಮೆ ಉಂಡು ಏಳುವವರನ್ನು ಯಾರೂ ಕಾಣುವುದಿಲ್ಲ. ಕಾಣದಿರುವುದೇ ಆ ತಪಸ್ಸಿನ ಹಿರಿಮೆ. ಅದರಲ್ಲಿ ಮಾನಕಷಾಯಕ್ಕೆ ಉಣ್ಣಲು ಏನೂ ಸಿಗುವುದಿಲ್ಲ.

ಫಲವನ್ನು ಬಯಸಿದ ವ್ರತ

ಈಗ ಮೊದಲನೆಯ ಪ್ರಶ್ನೆ. ವ್ರತಿಯಾದವನು ನಿಃಶಲ್ಯನಾಗಿರಬೇಕೆಂದು ಶಾಸ್ತ್ರ ಹೇಳುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಇವು ಮೂರು ಶಲ್ಯಗಳು. ಕಾಲಲ್ಲಿ ನಟ್ಟ ಮುಳ್ಳುಗಳಂತೆ ನಡೆಗೆಡಿಸುವವು. ಆಚರಿಸಿದ ವ್ರತಕ್ಕೆ ಬದಲಾಗಿ ಭೋಗವನ್ನು ಬಯಸುವುದು ನಿದಾನ. ಸ್ವರ್ಗದ ಸುಖವನ್ನು ಬಯಸಿ ಮಾಡಿದ ವ್ರತವೇ ನಿದಾನದಿಂದ ಕಲುಷಿತವಾಗುವುದಾದರೆ, ಸೊಂಟದ ಅಳತೆಯನ್ನೂ ಕನ್ನಡಿಯ ಮೆಚ್ಚುಗೆಯನ್ನೂ ಬಯಸಿ ಮಾಡಿದ ವ್ರತದ ಗತಿ ಏನೆಂದು ಹೇಳಬೇಕಾಗಿಲ್ಲ. ಉಪವಾಸದ ದಿನ ಸ್ನಾನಾಲಂಕಾರ, ಗಂಧಪುಷ್ಪಗಳನ್ನೂ ಬಿಡಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿರುವುದರ ತಾತ್ಪರ್ಯವೂ ಇದೇ. ಆ ದಿನ ದೇಹದ ಮೇಲಿನ ಕಣ್ಣನ್ನು ತೆಗೆದು ಆತ್ಮದ ಮೇಲೆ ಇಡಬೇಕು. ತೂಕದ ಯಂತ್ರದ ಮೇಲೆ ದಿನಕ್ಕೆ ಮೂರು ಸಲ ಹತ್ತಿ ಇಳಿಯುವವನ ಕಣ್ಣು ಎಲ್ಲಿರುತ್ತದೆ?

ಹಾಗೆಂದು ಬೊಜ್ಜನ್ನು ಕರಗಿಸಿಕೊಳ್ಳುವುದು ಪಾಪವೆಂದು ಯಾರೂ ತಿಳಿಯಬಾರದು. ದೇಹವು ಧರ್ಮಸಾಧನೆಯ ಉಪಕರಣ. ಅದನ್ನು ಕೆಡದಂತೆ ಇಟ್ಟುಕೊಳ್ಳುವುದು ವಿವೇಕ. ವೈದ್ಯರು ತೂಕ ಇಳಿಸಬೇಕೆಂದು ಹೇಳಿದರೆ ಇಳಿಸಿರಿ. ಆದರೆ ಅದನ್ನು ಪಥ್ಯವೆಂದು ಕರೆಯಿರಿ, ವ್ರತವೆಂದು ಕರೆಯಬೇಡಿರಿ. ಪಥ್ಯಕ್ಕೆ ವ್ರತದ ಹೆಸರು ಕೊಟ್ಟರೆ ಎರಡೂ ಕೆಡುತ್ತವೆ. ಪಥ್ಯದಲ್ಲಿ ಬೇಕಾದ ಎಚ್ಚರವು "ದೇವರ ಕೆಲಸ, ಏನೂ ಆಗದು" ಎಂಬ ಧೈರ್ಯದಿಂದ ತಪ್ಪುತ್ತದೆ. ವ್ರತದಲ್ಲಿ ಬೇಕಾದ ನಿಷ್ಕಾಂಕ್ಷೆಯು ಕಿಲೋಗಳ ಎಣಿಕೆಯಿಂದ ತಪ್ಪುತ್ತದೆ.

ನಮ್ಮ ಸೀಮೆಯ ರೈತನನ್ನೇ ನೋಡಿರಿ. ಹಿಂಗಾರಿಯಲ್ಲಿ ಜೋಳ ಬಿತ್ತುವವನು ತೆನೆಗಾಗಿ ಬಿತ್ತುತ್ತಾನೆ. ಎತ್ತುಗಳಿಗೆ ಬೇಕಾದ ಕಣಿಕೆ ತೆನೆಯ ಜೊತೆಗೆ ತಾನಾಗಿಯೇ ಬರುತ್ತದೆ. ಉಪವಾಸದಿಂದ ದೇಹ ಹಗುರಾಗುವುದು ಕಣಿಕೆಯಂತೆ. ಕರ್ಮನಿರ್ಜರೆಯೂ ಸಮಭಾವವೂ ತೆನೆ. ಕಣಿಕೆ ಬಂತೆಂದು ರೈತನು ದುಃಖಿಸುವುದಿಲ್ಲ. ಆದರೆ ತೆನೆ ಕಟ್ಟದ ಹೊಲವನ್ನು ನೋಡಿ "ಕಣಿಕೆಯಾದರೂ ಎಷ್ಟು ಎತ್ತರ ಬೆಳೆಯಿತು" ಎಂದು ಹಿಗ್ಗುವ ರೈತನನ್ನು ಯಾರೂ ಕಂಡಿಲ್ಲ.

ತಕ್ಕಡಿಯ ಲೆಕ್ಕ

ಇನ್ನು, ಉಪವಾಸದಿಂದ ಇಳಿಯುವುದೆನ್ನುವ ತೂಕವಾದರೂ ಎಂಥದು? ಶಾಲೆಯ ಲೆಕ್ಕದಂತೆ ಬಿಡಿಸಿ ನೋಡೋಣ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿಗಳಷ್ಟು ಶಕ್ತಿ ಇದೆ. ಸಾಧಾರಣ ದುಡಿಮೆಯ ಮನುಷ್ಯನಿಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕೆಂದು ಹಿಡಿಯೋಣ. ಅವನು ಏನನ್ನೂ ತಿನ್ನದೆ ನಾಲ್ಕು ದಿನ ಇದ್ದರೆ ಸುಮಾರು ಒಂದು ಕಿಲೋ ಕೊಬ್ಬಿನ ಶಕ್ತಿ ವ್ಯಯವಾಗುತ್ತದೆ. ಹತ್ತು ದಿನದ ಪೂರ್ಣ ನಿರಾಹಾರದಲ್ಲಿಯೂ ಎರಡೂವರೆ ಕಿಲೋ ಕೊಬ್ಬು ಕರಗಿದರೆ ಬಹಳವಾಯಿತು. ಯಂತ್ರವು ಅದಕ್ಕಿಂತ ಹೆಚ್ಚು ಇಳಿದದ್ದನ್ನು ತೋರಿಸಿದರೆ ಆ ಹೆಚ್ಚಿನದು ನೀರು ಮತ್ತು ಮಾಂಸಖಂಡ. ಯಕೃತ್ತಿನಲ್ಲಿ ಸಂಗ್ರಹವಾಗಿರುವ ಗ್ಲೈಕೋಜೆನ್ ಎಂಬ ಸಕ್ಕರೆಯ ರೂಪವು ಸುಮಾರು ಒಂದು ದಿನದಲ್ಲಿ ತೀರುತ್ತದೆ. ಅದರೊಡನೆ ಕೂಡಿದ್ದ ನೀರೂ ಹೊರಗೆ ಹೋಗುತ್ತದೆ. ಮೊದಲ ದಿನಗಳ ಇಳಿಕೆಯಲ್ಲಿ ಬಹುಭಾಗ ಇದೇ. ಪಾರಣೆಯ ಬಳಿಕ ಎರಡು ಊಟ ಬಿದ್ದೊಡನೆ ಅದು ಮರಳಿ ಬಂದು ಕುಳಿತುಕೊಳ್ಳುತ್ತದೆ.

ಅವಮೌದರ್ಯದ ಲೆಕ್ಕ ಬೇರೆ. ಪುರುಷನ ಪೂರ್ಣಾಹಾರ 32 ಕವಲ, ಸ್ತ್ರೀಯ ಪೂರ್ಣಾಹಾರ 28 ಕವಲ ಎಂದು ನಮ್ಮ ಆಚಾರಗ್ರಂಥಗಳು ಹೇಳುತ್ತವೆ. ಅದರಿಂದ ಒಂದೊಂದೇ ತುತ್ತನ್ನು ಇಳಿಸುತ್ತ ಹೋಗುವುದು ಈ ತಪಸ್ಸಿನ ಕ್ರಮ. 32ರಲ್ಲಿ 4 ತುತ್ತು ಬಿಟ್ಟರೆ ಎಂಟನೆಯ ಒಂದು ಭಾಗ ಬಿಟ್ಟಂತೆ. 2000 ಕ್ಯಾಲೊರಿಯಲ್ಲಿ 250 ಬಿಟ್ಟಂತೆ. 7700ನ್ನು 250ರಿಂದ ಭಾಗಿಸಿದರೆ ಸುಮಾರು 31 ಬರುತ್ತದೆ. ಅಂದರೆ ತಿಂಗಳಿಗೆ ಒಂದು ಕಿಲೋ. ಇದು ಕಾಗದದ ಮೇಲಿನ ಲೆಕ್ಕ. ದೇಹವು ಕಡಮೆ ಆಹಾರಕ್ಕೆ ಹೊಂದಿಕೊಳ್ಳುವುದರಿಂದ ದಿನ ಕಳೆದಂತೆ ಇಳಿಕೆ ನಿಧಾನವಾಗುತ್ತದೆ. ಆದರೂ ಇದರಲ್ಲಿ ತಲೆಸುತ್ತಿಲ್ಲ, ಸನ್ಮಾನವಿಲ್ಲ, ಹಣದ ಖರ್ಚಂತೂ ಇಲ್ಲವೇ ಇಲ್ಲ. ವೈದ್ಯರು ಇಂದು "ನಿಧಾನವಾಗಿ ಇಳಿಸಿರಿ" ಎಂದು ಹೇಳುವ ಮಾರ್ಗವೂ ಇದೇ.

ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡು ಪಾಲನ್ನು ಅನ್ನದಿಂದಲೂ ಒಂದು ಪಾಲನ್ನು ನೀರಿನಿಂದಲೂ ತುಂಬಿ, ನಾಲ್ಕನೆಯದನ್ನು ಬರಿದಾಗಿ ಬಿಡಬೇಕೆಂದು ಮೂಲಾಚಾರವು ಮುನಿಗಳಿಗೆ ಹೇಳುತ್ತದೆ. ಮುನಿಯು ಬಲಕ್ಕಾಗಿಯಾಗಲಿ, ರುಚಿಗಾಗಿಯಾಗಲಿ, ಮೈಯ ಕಾಂತಿಗಾಗಿಯಾಗಲಿ ಉಣ್ಣುವುದಿಲ್ಲ. ಜ್ಞಾನ, ಸಂಯಮ, ಧ್ಯಾನಗಳು ನಡೆಯಲೆಂದು ಉಣ್ಣುತ್ತಾನೆ. ಇದಕ್ಕೆ ಅಕ್ಷಮ್ರಕ್ಷಣವೆಂಬ ದೃಷ್ಟಾಂತವನ್ನು ಆಚಾರ್ಯರು ಕೊಟ್ಟಿದ್ದಾರೆ. ರತ್ನಗಳನ್ನು ಹೇರಿದ ಬಂಡಿ ಊರು ಮುಟ್ಟಬೇಕಾದರೆ ಅಚ್ಚಿಗೆ ಕೀಲೆಣ್ಣೆ ಹಚ್ಚಬೇಕು. ಹಚ್ಚದಿದ್ದರೆ ಅಚ್ಚು ಮುರಿಯುತ್ತದೆ. ಕೊಡಗಟ್ಟಲೆ ಸುರಿದರೆ ಬಂಡಿಯು ಹೊಲಸಾಗುತ್ತದೆಯೇ ಹೊರತು ಬೇಗ ಓಡುವುದಿಲ್ಲ. ಅತಿಭೋಜನ, ಅತಿನಿರಾಹಾರ ಇವೆರಡೂ ಬಂಡಿಯ ಮೇಲಿನ ರತ್ನವನ್ನು ಮರೆತವರ ಕೆಲಸ.

ಹೊಟ್ಟೆ ಬರಿದು, ಮನಸ್ಸು ಭೋಜನಶಾಲೆ

ಅಮೆರಿಕಾ ದೇಶದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. 1944-45ರಲ್ಲಿ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 36 ಮಂದಿ ಯುವಕರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದನು. ಆ ಯುವಕರು ಆಯುಧ ಹಿಡಿಯುವುದಿಲ್ಲವೆಂದು ಯುದ್ಧವನ್ನು ನಿರಾಕರಿಸಿದವರು. ಹಸಿದ ಯುರೋಪಿನ ಜನರಿಗೆ ಉಪಕಾರವಾಗಲೆಂದು ಸ್ವಇಚ್ಛೆಯಿಂದ ಬಂದವರು. ಅವರ ಅಹಿಂಸಾಭಾವಕ್ಕೆ ನಾವು ತಲೆಬಾಗಬೇಕು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಆದರೆ ಮನಸ್ಸಿಗೆ ಏನಾಯಿತು? ಹಗಲಿರುಳು ಅನ್ನದ್ದೇ ಚಿಂತೆ, ಅನ್ನದ್ದೇ ಮಾತು, ಅನ್ನದ್ದೇ ಕನಸು. ಕೆಲವರು ಅಡುಗೆಯ ಪುಸ್ತಕಗಳನ್ನು ಕೂಡಿಡತೊಡಗಿದರು. ಸಿಡುಕು, ಖಿನ್ನತೆ, ನಿರುತ್ಸಾಹ ತುಂಬಿಕೊಂಡವು. ಪ್ರಯೋಗ ಮುಗಿದ ಮೇಲೆ ಎಷ್ಟು ಉಂಡರೂ ಹಲವರಿಗೆ ತೃಪ್ತಿಯಿರಲಿಲ್ಲ. ಕಳೆದ ಕೊಬ್ಬು ಮೊದಲಿಗಿಂತ ಹೆಚ್ಚಾಗಿ ಬಂದು ಸೇರಿತು.

ಇದರಿಂದ ತಿಳಿಯುವುದೇನು? ಹೊಟ್ಟೆಯನ್ನು ಬರಿದು ಮಾಡಿದ ಮಾತ್ರಕ್ಕೆ ಆಹಾರಸಂಜ್ಞೆ ಸಾಯುವುದಿಲ್ಲ. ಅದು ಹೊಟ್ಟೆಯಿಂದ ಎದ್ದು ಮನಸ್ಸಿಗೆ ಬಂದು ನೆಲೆಸುತ್ತದೆ. ತಪಸ್ಸೆಂದರೆ ಇಚ್ಛಾನಿರೋಧ. ಇಚ್ಛೆ ಕಡಮೆಯಾಗದೆ ಅನ್ನ ಮಾತ್ರ ಕಡಮೆಯಾದರೆ ಅದು ಬರಗಾಲ. 1972ರ ಬರದಲ್ಲಿ ಜೋಳದ ಹೊಲಗಳು ಒಣಗಿದ್ದನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂದಿನ ಹಸಿವನ್ನು ಯಾರೂ ತಪಸ್ಸೆಂದು ಕರೆಯಲಿಲ್ಲ. ಸ್ವಾಧ್ಯಾಯ, ಸಾಮಾಯಿಕ, ಕಷಾಯಶಮನ ಇವು ಜೊತೆಗಿದ್ದರೆ ಉಪವಾಸ, ಇಲ್ಲವಾದರೆ ಲಂಘನ.

ನಮ್ಮ ಪಾರಣೆಗಳನ್ನು ನೋಡಿದರೆ ಈ ಮಾತು ಮನವರಿಕೆಯಾಗುತ್ತದೆ. ಉತ್ತಮ ಪ್ರೋಷಧೋಪವಾಸವು 16 ಪ್ರಹರಗಳದು, ಅಂದರೆ 48 ಗಂಟೆಗಳದು. ಅಷ್ಟಮಿಯ ಉಪವಾಸಕ್ಕೆ ಸಪ್ತಮಿಯಂದು ಏಕಭುಕ್ತ, ನವಮಿಯಂದು ಏಕಭುಕ್ತ. ಇಳಿಯುವುದಕ್ಕೆ ಒಂದು ಮೆಟ್ಟಿಲು, ಏರುವುದಕ್ಕೆ ಒಂದು ಮೆಟ್ಟಿಲು. ನಾವು ಆ ಮೆಟ್ಟಿಲುಗಳನ್ನು ಕಿತ್ತುಹಾಕಿದ್ದೇವೆ. "ನಾಳೆ ಉಪವಾಸ" ಎಂದು ಧಾರಣೆಯ ದಿನ ಎರಡು ಊಟವನ್ನು ಒಂದರಲ್ಲಿ ತುರುಕುತ್ತೇವೆ. "ನಿನ್ನೆ ಉಪವಾಸ" ಎಂದು ಪಾರಣೆಯ ದಿನ ಶ್ರೀಖಂಡ, ಪೂರಿ, ಬಾಸುಂದಿಗಳ ಎದುರಿಗೆ ಕುಳಿತುಕೊಳ್ಳುತ್ತೇವೆ. ನೆರೆಯವರ ಏಕಾದಶಿಯನ್ನು ನೋಡಿ ಕೆಲವು ಮನೆಗಳಿಗೆ ಸಾಬುದಾಣಿ ಖಿಚಡಿಯೂ ಬಂದಿದೆ. ಸಾಬುದಾಣಿಯು ಮರಗೆಣಸಿನ ಹಿಟ್ಟು; ಬಹುಪಾಲು ಬರಿಯ ಪಿಷ್ಟ. ಅದನ್ನು ತುಪ್ಪ, ಶೇಂಗಾ ಹಾಕಿ ಹುರಿದು ತಿಂದರೆ ಸಾಮಾನ್ಯ ದಿನದ ರೊಟ್ಟಿ-ಪಲ್ಯಕ್ಕಿಂತ ಭಾರವಾದ ಊಟವಾಗುತ್ತದೆ. ಕಂದಮೂಲವನ್ನು ತ್ಯಜಿಸಿದವರು ಗಡ್ಡೆಯ ಪಿಷ್ಟದಿಂದ ಉಪವಾಸ ನಡೆಸುವುದು ಸೋಜಿಗವೇ ಸರಿ.

ಬಾಲತಪ

ಬೀದರಿನ ಸಮೀಪದ ಕಮಠಾಣದಲ್ಲಿ ಪಾರ್ಶ್ವನಾಥ ಸ್ವಾಮಿಯ ಬಸದಿ ಇದೆ. ಅಲ್ಲಿಗೆ ಹೋಗಿ ಕೈಮುಗಿಯುವವರೆಲ್ಲರೂ ಸ್ವಾಮಿಯ ಕುಮಾರಕಾಲದ ಕಥೆಯನ್ನು ಬಲ್ಲರು. ಕಮಠನ ಜೀವನು ತಾಪಸನಾಗಿ ಹುಟ್ಟಿ ಪಂಚಾಗ್ನಿಯ ನಡುವೆ ಘೋರತಪವನ್ನು ಮಾಡುತ್ತಿದ್ದನು. ಜನರು ಬೆರಗಾಗಿ ನೋಡುತ್ತಿದ್ದರು. ಪಾರ್ಶ್ವಕುಮಾರನಾದರೋ ಉರಿಯುವ ಕೊರಡಿನೊಳಗೆ ಸರ್ಪಯುಗಲವು ಬೇಯುತ್ತಿರುವುದನ್ನು ಅವಧಿಜ್ಞಾನದಿಂದ ಅರಿತು ತಾಪಸನನ್ನು ತಡೆದನು. ಕೊರಡನ್ನು ಸೀಳಿದಾಗ ಸತ್ಯ ಹೊರಬಿತ್ತು. ತಾಪಸನ ದೇಹದಂಡನೆಯಲ್ಲಿ ಕೊರತೆಯಿರಲಿಲ್ಲ. ತಾನು ಉರಿಸುತ್ತಿರುವ ಕೊರಡಿನೊಳಗೆ ಏನಿದೆಯೆಂದು ನೋಡಲಿಲ್ಲ. ಇಂಥ ಅಜ್ಞಾನತಪಸ್ಸಿಗೆ ಶಾಸ್ತ್ರದಲ್ಲಿ ಬಾಲತಪವೆಂದು ಹೆಸರು.

ನಮ್ಮ ದೇಹವೆಂಬ ಕೊರಡಿನೊಳಗೆ ಏನಿದೆಯೆಂದು ನೋಡದೆ ಉಪವಾಸದ ಬೆಂಕಿಯನ್ನು ಹೊತ್ತಿಸುವುದೂ ಬಾಲತಪವೇ. ಮಧುಮೇಹವಿದ್ದು ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು ನುಂಗುವವರು, ಔಷಧ ತೆಗೆದುಕೊಂಡು ಅನ್ನ ಬಿಟ್ಟರೆ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಬೆವರು, ನಡುಕ, ಮಂಪರು, ಕಡೆಗೆ ಪ್ರಜ್ಞೆ ತಪ್ಪುವುದು. ಔಷಧವನ್ನೇ ಬಿಟ್ಟರೆ ಸಕ್ಕರೆ ಏರಿ ಬೇರೊಂದು ಅಪಾಯ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಪರೀಕ್ಷೆ ಮಾಡಿಸಿಕೊಳ್ಳದ ಕಾರಣ ತಮಗೆ ಈ ರೋಗವಿದೆಯೆಂದು ಅರಿಯದವರೂ ಅನೇಕರು. ಆದುದರಿಂದ ನಲವತ್ತು ದಾಟಿದವರು ದೀರ್ಘ ಉಪವಾಸದ ಸಂಕಲ್ಪಕ್ಕೆ ಮುಂಚೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿಯೂ ಭಾಲ್ಕಿ, ಔರಾದಗಳ ತಾಲೂಕು ಆಸ್ಪತ್ರೆಗಳಲ್ಲಿಯೂ ಈ ಪರೀಕ್ಷೆ ಆಗುತ್ತದೆ.

2016ರ ಅಕ್ಟೋಬರ್ ತಿಂಗಳನ್ನು ನಾವು ಮರೆಯಬಾರದು. ಆ ತಿಂಗಳು ಜಪಾನಿನ ಯೊಶಿನೊರಿ ಒಸುಮಿ ಎಂಬ ವಿಜ್ಞಾನಿಗೆ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಜೀವಕೋಶವು ತನ್ನ ಸವೆದ ಭಾಗಗಳನ್ನು ತಾನೇ ಕರಗಿಸಿ ಮತ್ತೆ ಬಳಸಿಕೊಳ್ಳುವ ಕ್ರಿಯೆಯನ್ನು ಆತನು ಯೀಸ್ಟ್ ಎಂಬ ಸೂಕ್ಷ್ಮಜೀವಿಯಲ್ಲಿ ಶೋಧಿಸಿದ್ದನು. "ಉಪವಾಸದಿಂದ ಸರ್ವರೋಗ ನಾಶವೆಂದು ವಿಜ್ಞಾನವೇ ಒಪ್ಪಿತು" ಎಂದು ನಮ್ಮವರು ಕೈಫೋನುಗಳಲ್ಲಿ ಸಂದೇಶ ಹಂಚಿದರು. ಆತನು ಹೇಳಿದ್ದು ಅದನ್ನಲ್ಲ. ಅದೇ ತಿಂಗಳಲ್ಲಿ ನಮ್ಮ ನೆರೆಯ ಹೈದರಾಬಾದಿನಲ್ಲಿ ಜೈನ ಕುಲದ 13 ವರ್ಷದ ಬಾಲಕಿಯೊಬ್ಬಳು 68 ದಿನಗಳ ಉಪವಾಸವನ್ನು ಮುಗಿಸಿದ ಬೆನ್ನಲ್ಲೇ ತೀರಿಕೊಂಡಳು. ಆ ಮನೆಯವರ ಶ್ರದ್ಧೆಯನ್ನು ಕುರಿತು ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಅವರ ದುಃಖ ನಮ್ಮದೂ ಹೌದು. ಆದರೆ ಶಾಸ್ತ್ರವನ್ನು ಓದಿದವರು ಮೌನವಾಗಿರುವುದು ಸರಿಯಲ್ಲ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಒಂದು ಶಕ್ತಿತಸ್ತಪ. ಶಕ್ತಿಗೆ ತಕ್ಕ ತಪಸ್ಸು ಎಂದು ಅದರ ಅರ್ಥ. ಬರಿಯ ತಪಸ್ಸು ಎಂದು ಹೇಳಿ ಬಿಡದೆ "ಶಕ್ತಿತಃ" ಎಂದು ಸೇರಿಸಿದವರು ಆಚಾರ್ಯರೇ. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂ ಬಾರದು. ಬೆಳೆಯುವ ಎಲುಬಿನ ಮಗುವಿಗೆ ಮಾಸೋಪವಾಸದ ಶಕ್ತಿ ಎಲ್ಲಿಯದು?

ಗುರುವು ಉಣ್ಣೆಂದು ಕಳುಹಿದ ಶಿಷ್ಯ

ಸಮಂತಭದ್ರಾಚಾರ್ಯರ ಕಥೆಯನ್ನು ದೇವಚಂದ್ರನ ರಾಜಾವಳಿ ಕಥೆಯೇ ಮೊದಲಾದ ಗ್ರಂಥಗಳು ಹೇಳುತ್ತವೆ. ಮುನಿಯಾಗಿದ್ದಾಗ ಅವರಿಗೆ ಭಸ್ಮಕವೆಂಬ ರೋಗ ತಗುಲಿತು. ಎಷ್ಟು ಉಂಡರೂ ಬೂದಿಯಾಗುವ ಹಸಿವು. ಮುನಿಚರ್ಯೆಯ ಒಂದು ಹೊತ್ತಿನ ಮಿತಾಹಾರದಿಂದ ಅದು ತಣಿಯುವಂತಿರಲಿಲ್ಲ. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಕೊಡಲಿಲ್ಲ. "ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಇದೆ, ಮುನಿವೇಷವನ್ನು ಬಿಟ್ಟು, ಬೇಕಾದಷ್ಟು ಉಂಡು, ರೋಗವನ್ನು ಕಳೆದುಕೊಂಡು, ಮತ್ತೆ ದೀಕ್ಷೆಗೆ ಬಾ" ಎಂಬ ಅಭಿಪ್ರಾಯದಿಂದ ಕಳುಹಿದರು. ಶಿಷ್ಯನು ಅದನ್ನು ಪಾಲಿಸಿದನು. ಶಿವಾಲಯವೊಂದರ ನೈವೇದ್ಯದ ರಾಶಿ ದಿನದಿನವೂ ಅವನ ಹಸಿವನ್ನು ತಣಿಸಿತು, ಬರುಬರುತ್ತ ನೈವೇದ್ಯ ಮಿಗತೊಡಗಿತು, ರೋಗ ಶಾಂತವಾಯಿತು. ಪುನರ್ದೀಕ್ಷೆಯ ಬಳಿಕ ಅವರು ಜಿನಶಾಸನದ ಸೂರ್ಯನಂತೆ ಬೆಳಗಿದರು.

ಈ ಕಥೆಯನ್ನು ನಾವು ಚಮತ್ಕಾರಕ್ಕಾಗಿ ಕೇಳುತ್ತೇವೆ. ಅದರ ನಡುವಿನ ಗುರುವಾಕ್ಯವನ್ನು ಕೇಳುವುದಿಲ್ಲ. ರೋಗಿಯಾದ ಶಿಷ್ಯನಿಗೆ ಉಣ್ಣೆಂದು ಹೇಳಿದ ಗುರು ಧರ್ಮವನ್ನು ಸಡಿಲಿಸಲಿಲ್ಲ, ಉಳಿಸಿದನು. ಅಂದು ಅಪ್ಪಣೆ ದೊರೆತಿದ್ದರೆ ರತ್ನಕರಂಡಕವೇ ನಮಗೆ ದೊರೆಯುತ್ತಿರಲಿಲ್ಲ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಸಲ್ಲೇಖನವೆಂದು ಎಲ್ಲೆ ಹಾಕಿದವರೂ ಆ ಸಮಂತಭದ್ರರೇ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಧರ್ಮ.

ವೈದ್ಯವನ್ನು ನಮ್ಮವರು ಎಂದೂ ಹೊರಗಿನದೆಂದು ಎಣಿಸಲಿಲ್ಲ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆಯನ್ನು ಹೇಳುವ ಸಂಸ್ಕೃತ ಗ್ರಂಥ. ಅದರ ಹಿತಾಹಿತಾಧ್ಯಾಯವು ಔಷಧಕ್ಕೆ ಮಾಂಸ ಬೇಕೆಂಬ ವಾದವನ್ನು ಖಂಡಿಸುತ್ತದೆ. ಅದನ್ನು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದರೆಂದು ಗ್ರಂಥವೇ ತಿಳಿಸುತ್ತದೆ. ಆ ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ನೆರೆಯ ಕಲಬುರಗಿ ಜಿಲ್ಲೆಯಲ್ಲಿದೆ. ಮುನಿಯೊಬ್ಬನು ವೈದ್ಯಗ್ರಂಥವನ್ನು ಬರೆದ ಪರಂಪರೆಯವರು ನಾವು. ವೈದ್ಯನನ್ನು ಕೇಳಿದರೆ ಶ್ರದ್ಧೆ ಕಡಮೆಯಾಗುವುದೆಂಬ ಅಂಜಿಕೆ ನಮಗೆ ಸಲ್ಲದು.

ಮನೆಯಲ್ಲಿ ನೋಡಬೇಕಾದದ್ದು

ತಾಯಿತಂದೆಗಳು ಒಂದು ವಿಷಯದಲ್ಲಿ ವಿಶೇಷ ಎಚ್ಚರದಿಂದಿರಬೇಕು. ಹರೆಯದ ಹೆಣ್ಣುಮಕ್ಕಳಲ್ಲಿ, ಕೆಲವೊಮ್ಮೆ ಗಂಡುಮಕ್ಕಳಲ್ಲಿಯೂ, ಉಣ್ಣಲು ಅಂಜುವ ಒಂದು ಮನೋರೋಗವುಂಟು. ವೈದ್ಯರು ಅದನ್ನು ಅನೊರೆಕ್ಸಿಯಾ ಎನ್ನುವರು. ಎಲುಬು ಕಾಣುತ್ತಿದ್ದರೂ ಕನ್ನಡಿಯಲ್ಲಿ ತಾನು ದಪ್ಪವಾಗಿ ಕಾಣುವೆನೆಂದು ನಂಬುವುದು, ಊಟದ ಹೊತ್ತಿಗೆ ನೆಪ ಹೂಡುವುದು, ತಟ್ಟೆಯ ಅನ್ನವನ್ನು ಬಚ್ಚಿಟ್ಟು ಚೆಲ್ಲುವುದು, ಕೂದಲು ಉದುರುವುದು, ಮುಟ್ಟು ನಿಲ್ಲುವುದು ಇವು ಅದರ ಗುರುತುಗಳು. ಇಂಥ ಮಗುವಿಗೆ ವ್ರತವು ಒಳ್ಳೆಯ ಮರೆಯಾಗುತ್ತದೆ. ಪರ್ವವಿಲ್ಲದ ದಿನಗಳಲ್ಲಿಯೂ ಹೊಸ ಹೊಸ ಉಪವಾಸಗಳನ್ನು ಹುಡುಕುತ್ತದೆ. ಸ್ವಾಧ್ಯಾಯ ಸಾಮಾಯಿಕಗಳಲ್ಲಿ ಆಸಕ್ತಿಯಿರುವುದಿಲ್ಲ. ಮಗಳಿಗೆ ವೈರಾಗ್ಯ ಬಂತೆಂದು ಹಿಗ್ಗಬೇಡಿರಿ, ಗದರಿಸಲೂ ಬೇಡಿರಿ. ವೈದ್ಯರ ಬಳಿಗೆ ಕರೆದೊಯ್ಯಿರಿ. ಇದು ಪ್ರಾಣ ತೆಗೆಯುವ ರೋಗ. ಚಿಕಿತ್ಸೆಯಿಂದ ಗುಣವಾಗುವ ರೋಗವೂ ಹೌದು.

ಬೇಗ ತೂಕ ಇಳಿಸುವೆವೆಂದು ಮಾರುವ ಪುಡಿ, ಕಷಾಯ, ಮಾತ್ರೆಗಳ ವಿಷಯವನ್ನು ಒಂದೇ ಮಾತಿನಲ್ಲಿ ಹೇಳುವೆನು. ಒಂದು ಕಾಲದಲ್ಲಿ ಬಹಳ ಮಾರಾಟವಾದ ಸಿಬುಟ್ರಮೀನ್ ಎಂಬ ಮಾತ್ರೆಯನ್ನು ಹೃದಯಕ್ಕೆ ಅಪಾಯವೆಂದು ನಮ್ಮ ಸರಕಾರ 2011ರಲ್ಲಿ ನಿಷೇಧಿಸಿತು. ಹಸಿವನ್ನು ತಗ್ಗಿಸುವ ಹೊಸ ಚುಚ್ಚುಮದ್ದುಗಳು ರೋಗಿಗಳಿಗೆ ಉಪಕಾರಿಯಾಗಿವೆ. ಆದರೆ ಅವು ವೈದ್ಯರ ಕೈಯಲ್ಲಿರಬೇಕಾದವು, ನೆರೆಮನೆಯವರ ಸಲಹೆಯಿಂದ ಚುಚ್ಚಿಕೊಳ್ಳತಕ್ಕವಲ್ಲ.

ನಮ್ಮ ಸೀಮೆಯ ಊಟವು ಮೂಲತಃ ಕೆಟ್ಟದ್ದಲ್ಲ. ಜೋಳದ ರೊಟ್ಟಿ, ತೊಗರಿಯ ಬೇಳೆ, ಹೆಸರುಕಾಳು, ಪುಂಡಿಪಲ್ಯ, ಮಜ್ಜಿಗೆ. ಇವುಗಳನ್ನು ಅಗಿದು ಉಣ್ಣಬೇಕು, ಉಂಡರೆ ಬಹಳ ಹೊತ್ತು ಹಸಿವು ತಾಳುತ್ತದೆ. ಆ ಜಾಗಕ್ಕೆ ಮೈದಾದ ಬಿಸ್ಕತ್ತು, ಬ್ರೆಡ್ಡು, ಶೇವು-ಚಿವಡಾ, ಮಿರ್ಚಿ ಭಜಿ, ಸಿಹಿ ಪಾನೀಯಗಳು ಬಂದಿವೆ. ಬಟಾಟೆ ಬಿಟ್ಟವರೆಂಬ ಹೆಮ್ಮೆಯಿಂದ ಕರಿದ ಬಾಳೆಕಾಯಿಯನ್ನು ಪೊಟ್ಟಣಗಟ್ಟಲೆ ತಿನ್ನುವವರೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಡಮೆ, ಬೆರೆಸಿದ ಸಕ್ಕರೆ ಸಾಧ್ಯವಾದರೆ ಸುಮಾರು 25 ಗ್ರಾಮಿನೊಳಗೆ ಇರಲಿ ಎನ್ನುತ್ತದೆ. ಉಪ್ಪು, ಸಕ್ಕರೆ, ಎಣ್ಣೆ, ತುಪ್ಪ ಇವು ನಮ್ಮ ರಸಪರಿತ್ಯಾಗದ ಪಟ್ಟಿಯಲ್ಲಿಯೇ ಇವೆಯಲ್ಲವೆ? ಹೊಟ್ಟೆಯ ಸುತ್ತಳತೆ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರಿನೊಳಗೆ ಇರುವುದು ಭಾರತೀಯರಿಗೆ ಕ್ಷೇಮವೆಂದು ವೈದ್ಯರು ಹೇಳುತ್ತಾರೆ. ಸೂರ್ಯಾಸ್ತದೊಳಗಿನ ಊಟವನ್ನು ಬಿಟ್ಟು ರಾತ್ರಿ ಹತ್ತಕ್ಕೆ ಟಿವಿಯ ಎದುರಿಗೆ ಉಣ್ಣುವವರು ಜೀವದಯೆಯನ್ನೂ ಜೀರ್ಣಶಕ್ತಿಯನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ.

ಆಚರಣೆಗೆ ಕೆಲವು ಮಾತು

ವ್ರತವನ್ನು ಗುರುಗಳ ಅಥವಾ ಹಿರಿಯ ಶ್ರಾವಕರ ಎದುರಿಗೆ, ಕಾಲದ ಮಿತಿ ಹಾಕಿ ಕೈಕೊಳ್ಳಿರಿ. ಕಾಲಮಿತಿಯುಳ್ಳದ್ದು ನಿಯಮ, ಯಾವಜ್ಜೀವದ್ದು ಯಮ. ಗೃಹಸ್ಥನಿಗೆ ನಿಯಮದಿಂದ ಮೊದಲುಮಾಡುವುದೇ ಯೋಗ್ಯ. ಒಂದು ತಿಂಗಳು ಬೇಕರಿಯ ಪದಾರ್ಥವಿಲ್ಲ, ಒಂದು ಪಕ್ಷ ಸಕ್ಕರೆಯಿಲ್ಲ, ಊಟಕ್ಕೆ ಐದೇ ಪದಾರ್ಥ, ತಟ್ಟೆಗೆ ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲ ಎಂಬಿಂಥ ನಿಯಮಗಳು ಚಿಕ್ಕವೆಂದು ಕಾಣುತ್ತವೆ. ಪಾಲಿಸಿ ನೋಡಿದಾಗ ಅವುಗಳ ಭಾರ ತಿಳಿಯುತ್ತದೆ.

ಮಕ್ಕಳು, ಗರ್ಭಿಣಿಯರು, ಹಾಲೂಡುವ ತಾಯಂದಿರು, ಮಧುಮೇಹ, ಹೃದ್ರೋಗ, ಮೂತ್ರಪಿಂಡದ ರೋಗವುಳ್ಳವರು, ದುರ್ಬಲ ವೃದ್ಧರು ಅನಶನದ ಬದಲು ರಸಪರಿತ್ಯಾಗ, ಸ್ವಾಧ್ಯಾಯ, ಮೌನಗಳನ್ನು ಆರಿಸಿಕೊಳ್ಳಲಿ. ಇದು ಕೀಳು ದರ್ಜೆಯ ತಪಸ್ಸಲ್ಲ. ಸ್ವಾಧ್ಯಾಯವು ಅಂತರಂಗ ತಪಸ್ಸಿಗೆ ಸೇರಿದ್ದು. ಉಪವಾಸದ ನಡುವೆ ಸಕ್ಕರೆ ಕುಸಿದ ಲಕ್ಷಣ ಕಂಡರೆ ಕೂಡಲೆ ಬೆಲ್ಲದ ನೀರು ಕೊಡಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ವ್ರತಕ್ಕೆ ಪ್ರಾಯಶ್ಚಿತ್ತವುಂಟು, ಹೋದ ಪ್ರಾಣಕ್ಕೆ ಇಲ್ಲ.

ದೀರ್ಘ ಉಪವಾಸದ ಪಾರಣೆಯು ಉಪವಾಸಕ್ಕಿಂತ ನಾಜೂಕಾದುದು. ಎರಡನೆಯ ಮಹಾಯುದ್ಧದಲ್ಲಿ ಬಂಧನದಿಂದ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ಕೆಲವರು ಹೊಟ್ಟೆತುಂಬ ಉಂಡ ಬಳಿಕ ಸತ್ತರು. ಬಹುದಿನದ ನಿರಾಹಾರದ ಮೇಲೆ ಒಮ್ಮೆಲೇ ಸಿಹಿ ಅನ್ನಗಳನ್ನು ಉಂಡರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಮ್ ಮೊದಲಾದ ಲವಣಗಳು ಕುಸಿದು ಹೃದಯ ನಿಲ್ಲಬಹುದು. ಐದು ದಿನಕ್ಕೆ ಮೇಲ್ಪಟ್ಟ ಉಪವಾಸವಾದರೆ ವೈದ್ಯರನ್ನು ಕೇಳಿಯೇ ಪಾರಣೆ ಮಾಡಿರಿ. ಹೆಸರುಬೇಳೆಯ ತಿಳಿ, ತೆಳು ಗಂಜಿ, ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ದಿನ. ಶ್ರೀಖಂಡ ಎಲ್ಲಿಯೂ ಓಡಿಹೋಗುವುದಿಲ್ಲ.

ಬಂಧುಗಳೇ, ಅತಿಯಾಗಿ ಉಣ್ಣುವವನೂ ಅತಿಯಾಗಿ ತೂಕ ನೋಡಿಕೊಳ್ಳುವವನೂ ಒಂದೇ ಯಜಮಾನನ ಆಳುಗಳು. ಒಬ್ಬನಿಗೆ ನಾಲಿಗೆಯು ಅಪ್ಪಣೆ ಕೊಡುತ್ತದೆ, ಇನ್ನೊಬ್ಬನಿಗೆ ಕನ್ನಡಿ. ಇಬ್ಬರೂ ದೇಹವನ್ನೇ ತಾನೆಂದು ತಿಳಿದವರು. ಈ ಎರಡು ದಾಸ್ಯಗಳಿಂದ ಬಿಡುಗಡೆ ಹೊಂದುವುದಕ್ಕಾಗಿ ಆಚಾರ್ಯರು ಅನಶನದ ಪಕ್ಕದಲ್ಲಿಯೇ ಅವಮೌದರ್ಯವನ್ನು ಇಟ್ಟರು. ಅದಕ್ಕೆ ತಿಥಿ ಬೇಡ, ಮೆರವಣಿಗೆ ಬೇಡ. ಇಂದು ಸಂಜೆ ಸೂರ್ಯನಿರುವಾಗಲೇ ತಟ್ಟೆಯ ಮುಂದೆ ಕುಳಿತು, ಇನ್ನು ನಾಲ್ಕು ತುತ್ತು ಸಾಗುವುದೆಂದು ನಾಲಿಗೆ ಹೇಳಿದಾಗ ಸಾಕೆಂದು ಕೈತೊಳೆಯಿರಿ. ಆ ನಾಲ್ಕು ತುತ್ತಿನ ಹಿಟ್ಟು ಹಸಿದವನೊಬ್ಬನ ರೊಟ್ಟಿಯಾದರೆ ತಪಸ್ಸಿನ ಜೊತೆಗೆ ಆಹಾರದಾನವೂ ಆಯಿತು.

ಸರ್ವರಿಗೂ ಆರೋಗ್ಯವೂ ಆತ್ಮಹಿತವೂ ಉಂಟಾಗಲಿ.

ಜಯ ಜಿನೇಂದ್ರ.